ಬೆಟ್ಟ ಅಡ್ಡ ಬಂದರೂ ಮುಳ್ಳು ಅಲುಗಾಡಲ್ಲ, ಯಾಕೆ?

ಪ್ರಶ್ನೆ: ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಒಂದು ಕಣಿವೆಯೊಳಗೆ ಹಾರುತ್ತಿದ್ದೆ. ವಿಒಆರ್ ಸ್ಟೇಷನ್ನು (ವಿಮಾನಕ್ಕೆ ದಿಕ್ಕು ಹೇಳೋ ನೆಲದ ರೇಡಿಯೊ ಕೇಂದ್ರ) ದೊಡ್ಡ ಬೆಟ್ಟದ ಆಚೆ ಇತ್ತು, ಆದರೂ ದಿಕ್ಕು ತೋರಿಸೋ ಡಯಲ್‌ನ ಮುಳ್ಳು ಒಂಚೂರೂ ಅಲುಗಾಡಲಿಲ್ಲ. ಆಮೇಲೆ ಮೇಲಕ್ಕೇರಿ ಸ್ಟೇಷನ್ನಿನ ನೆತ್ತಿಯ ಮೇಲೆ ಹೋದೆ, ಆಗ ಸ್ಟೇಷನ್ ಎಷ್ಟು ದೂರ ಅಂತ ಹೇಳೋ ಡಿಎಂಇ ಸೊನ್ನೆ ತೋರಿಸೋ ಬದಲು 1 ನಾಟಿಕಲ್ ಮೈಲಿ ತೋರಿಸಿತು. ಯಾವುದು ಸರಿ, ಯಾವುದು ತಪ್ಪು?

ಉತ್ತರ: ಡಿಎಂಇ ಸರಿ, ವಿಒಆರ್ ತಪ್ಪು. ನಿಮಗೆ ಇದು ಉಲ್ಟಾ ಅನ್ನಿಸಿರಬೇಕು, ಅಲ್ವಾ?

ಡಿಎಂಇ ಅಳೆಯೋದು ನೆಲದ ಮೇಲಿನ ದೂರ ಅಲ್ಲ. ವಿಮಾನದಿಂದ ಸ್ಟೇಷನ್ನಿಗೆ ದಾರ ಎಳೆದು ಕಟ್ಟಿದರೆ ಆ ದಾರದ ಉದ್ದ ಎಷ್ಟೋ ಅಷ್ಟು. ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 6,076 ಅಡಿ. ಸ್ಟೇಷನ್ನಿಗಿಂತ ಅಷ್ಟು ಎತ್ತರದಲ್ಲಿ ನೀವು ನೆತ್ತಿಯ ಮೇಲಿದ್ದರೆ 1 ಅಂತಲೇ ಬರಬೇಕು, ಸೊನ್ನೆ ಬಂದಿದ್ದರೆ ಆಗ ಅನುಮಾನ ಪಡಬೇಕಿತ್ತು.

ಇನ್ನು ವಿಒಆರ್. ಇದು 108ರಿಂದ 117.95 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ, ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ನಿಜವಾದ ರಿಸೀವರ್ 30 ಹರ್ಟ್ಸ್‌ನ ಎರಡು ಸಿಗ್ನಲ್ ಹಿಡಿದು, ಒಂದಕ್ಕಿಂತ ಇನ್ನೊಂದು ಎಷ್ಟು ಹಿಂದಿದೆ ಅಂತ ನೋಡಿ ದಿಕ್ಕು ಹೇಳುತ್ತದೆ. ಬೆಟ್ಟ ಅಡ್ಡ ಬಂದು ಸಿಗ್ನಲ್ ಸೊರಗಿದರೆ ಮುಳ್ಳನ್ನು ನಂಬಬೇಡ ಅಂತ ಡಯಲ್‌ನಲ್ಲಿ ಫ್ಲ್ಯಾಗ್ ಬೀಳುತ್ತದೆ. ಸರಳವಾದ ಸಿಮ್ಯುಲೇಟರ್‌ನಲ್ಲಿ ಅಲೆಯೂ ಇಲ್ಲ, ಸಿಗ್ನಲ್ಲೂ ಇಲ್ಲ. ಅದಕ್ಕೆ ಸ್ಟೇಷನ್ ಎಲ್ಲಿದೆ ಅಂತ ಗೊತ್ತು, ನೀವು ಎಲ್ಲಿದ್ದೀರಿ ಅಂತಲೂ ಗೊತ್ತು. ದಿಕ್ಕು ಲೆಕ್ಕ ಹಾಕಿ ಮುಳ್ಳು ತಿರುಗಿಸಿಬಿಡುತ್ತದೆ, ಜಾಸ್ತಿ ಅಂದರೆ ಇಷ್ಟು ಮೈಲಿ ದಾಟಿದರೆ ಬಂದ್ ಅಂತ ಒಂದು ಗಡಿ ಇಟ್ಟಿರುತ್ತದೆ. ಬೆಟ್ಟ ಪರದೆ ಮೇಲಿನ ಚಿತ್ರ ಮಾತ್ರ, ರೇಡಿಯೊ ಕೋಡ್‌ಗೆ ಅದು ಕಾಣೋದೇ ಇಲ್ಲ.

ನಿಮ್ಮದು ಯಾವ ಜಾತಿಯದು ಅಂತ ಪರೀಕ್ಷೆ ಮಾಡಬಹುದು. ಎತ್ತರ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.23ರಿಂದ ಗುಣಿಸಿ. ಭೂಮಿಯ ಬಾಗು ಅಡ್ಡ ಬರುವ ಮುಂಚೆ ಎಷ್ಟು ನಾಟಿಕಲ್ ಮೈಲಿವರೆಗೆ ಸಿಗ್ನಲ್ ಸಿಗಬಹುದು ಅನ್ನೋದು ಅದರಿಂದ ಗೊತ್ತಾಗುತ್ತದೆ. 1,000 ಅಡಿಯಲ್ಲಿ ಸುಮಾರು 39, 10,000 ಅಡಿಯಲ್ಲಿ 123. ಸಮತಟ್ಟು ನೆಲದ ಮೇಲೆ 1,000 ಅಡಿಯಲ್ಲಿ ಹಾರುತ್ತಾ 80 ಮೈಲಿ ದೂರ ಹೋಗಿ. ಆಗಲೂ ಮುಳ್ಳು ಗಟ್ಟಿಯಾಗಿ ನಿಂತಿದ್ದರೆ, ಬೆಟ್ಟ ಬಿಡಿ, ಭೂಮಿ ದುಂಡಗಿದೆ ಅನ್ನೋದನ್ನೂ ಆ ಸಿಮ್ಯುಲೇಟರ್ ಲೆಕ್ಕಕ್ಕೆ ತಗೊಂಡಿಲ್ಲ.

ಸಿಮ್ಯುಲೇಟರ್ ಮಾಡೋ ಕೆಲವರು ಇದಕ್ಕೆ ಪರಿಹಾರ ಅಂತ ಮುಳ್ಳು ಸುಮ್ನೆ ನಡುಗೋ ಹಾಗೆ ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಕಾರಣ ಇಲ್ಲದ ನಡುಕದಿಂದ ಪೈಲಟ್ ಏನೂ ಕಲಿಯಲ್ಲ. ಬದಲಿಗೆ ನಿಜದಲ್ಲಿ ಆಗೋ ತಪ್ಪುಗಳನ್ನೇ ತೋರಿಸಬೇಕು. ವಿಒಆರ್ ಸ್ಟೇಷನ್ನಿನ ನೆತ್ತಿಯ ಮೇಲೆ ಕೆಲವು ಕ್ಷಣ ಮುಳ್ಳು ದಿಕ್ಕು ತಪ್ಪಬೇಕು, ಯಾಕಂದರೆ ನಿಜದಲ್ಲಿ ಅಲ್ಲೊಂದು ಗೊಂದಲದ ಶಂಕು, ಅಂದರೆ ಸರಿಯಾದ ದಿಕ್ಕು ಸಿಗದ ಶಂಕುವಿನಾಕಾರದ ಜಾಗ, ಇರುತ್ತದೆ. ಎನ್‌ಡಿಬಿ (ಇನ್ನೊಂದು ಬಗೆಯ, ಸರಳವಾದ ರೇಡಿಯೊ ಕೇಂದ್ರ) ಹಿಡಿದು ಹಾರುವಾಗ ಹತ್ತಿರದಲ್ಲಿ ಗುಡುಗು ಮಿಂಚಿದ್ದರೆ, ಆ ಕೇಂದ್ರದ ಕಡೆ ತೋರಿಸೋ ಎಡಿಎಫ್ ಮುಳ್ಳು ಮಿಂಚಿನ ಕಡೆ ವಾಲಬೇಕು, ರಾತ್ರಿ ಇನ್ನಷ್ಟು ಅಲೆದಾಡಬೇಕು. ರನ್‌ವೇಗೆ ಇಳಿಯೋಕೆ ದಾರಿ ತೋರಿಸೋ ಐಎಲ್‌ಎಸ್‌ನಲ್ಲಿ 3 ಡಿಗ್ರಿ ಗ್ಲೈಡ್‌ಸ್ಲೋಪ್‌ಗಿಂತ (ಇಳಿಜಾರಿನ ರೇಡಿಯೊ ದಾರಿ) ಮೇಲೆ, ಸುಮಾರು 9 ಡಿಗ್ರಿಯಲ್ಲಿ, ಒಂದು ಸುಳ್ಳು ಗ್ಲೈಡ್‌ಸ್ಲೋಪ್ ಇರಬೇಕು. ತುಂಬಾ ಎತ್ತರದಿಂದ ಇಳಿಯೋಕೆ ಹೋದವರು ನಿಜದಲ್ಲೂ ಅದಕ್ಕೆ ಸಿಕ್ಕಿಬೀಳುತ್ತಾರೆ.

ಸದ್ಯಕ್ಕೆ ನಿಮ್ಮ ಸಿಮ್ಯುಲೇಟರ್‌ನ ಸೆಟ್ಟಿಂಗ್‌ನಲ್ಲಿ ನೆಲದ ಎತ್ತರವನ್ನು ರೇಡಿಯೊ ಲೆಕ್ಕಕ್ಕೆ ಸೇರಿಸೋ ಆಯ್ಕೆ ಇದೆಯಾ ನೋಡಿ. ಇದ್ದರೆ ಹಾಕಿ, ಅದೇ ಕಣಿವೆಗೆ ವಾಪಸ್ ಹೋಗಿ, ಸ್ಟೇಷನ್ನಿನ ಮೋರ್ಸ್ ಗುರುತನ್ನು (ಅದು ತನ್ನ ಗುರುತು ಹೇಳಲು ಕಳಿಸೋ ಬೀಪ್ ಸದ್ದು) ಕಿವಿಗೆ ಹಾಕಿಕೊಂಡೇ ಹಾರಿ. ಬೆಟ್ಟ ಅಡ್ಡ ಬಂದಾಗ ಆ ಸದ್ದೂ ಸೊರಗಬೇಕು.