ಹೊಸ ಆರೋಗ್ಯ ಕೇಂದ್ರಗಳು ಕೆಲವೇ ವರ್ಷಗಳಲ್ಲಿ ಪಾಳು ಬೀಳುವುದೇಕೆ?

ಕಟ್ಟುವುದಕ್ಕೆ ಹಣ ಇಡುತ್ತಾರೆ, ನಡೆಸುವುದಕ್ಕೆ ಇಡುವುದಿಲ್ಲ. ಮುಖ್ಯ ಕಾರಣ ಇದೇ. ಕಟ್ಟಡದ ಖರ್ಚು ಒಂದೇ ಸಲದ್ದು, ಅದಕ್ಕೆ ಅನುದಾನ ಸಿಗುತ್ತದೆ. ಸಂಬಳ, ಔಷಧಿ, ಕರೆಂಟು, ರಿಪೇರಿಯ ದುಡ್ಡು ಮಾತ್ರ ಪ್ರತಿವರ್ಷದ ಬಜೆಟ್‌ನಿಂದ ಬರಬೇಕು. ಎರಡೂ ಲೆಕ್ಕಗಳನ್ನು ಬೇರೆ ಬೇರೆಯವರು ನೋಡುವುದರಿಂದ ಎರಡನೆಯದು ತಪ್ಪಿಹೋಗುತ್ತದೆ.

ಸೋಲಾರ್ ವ್ಯವಸ್ಥೆಯನ್ನೇ ನೋಡಿ. ಪ್ಯಾನೆಲ್ 20-25 ವರ್ಷ ಬಾಳುತ್ತದೆ. ಸೀಸ-ಆಮ್ಲದ ಬ್ಯಾಟರಿ ಅದಕ್ಕಿಂತ ಎಷ್ಟೋ ಮೊದಲೇ, ಬಹಳಷ್ಟು ಕಡೆ 5 ವರ್ಷದ ಆಸುಪಾಸಿನಲ್ಲಿ ಕೈಕೊಡುತ್ತದೆ. ಬದಲಿ ಬ್ಯಾಟರಿಗೆ ದುಡ್ಡು ತೆಗೆದಿಡದಿದ್ದರೆ ರಾತ್ರಿ ಹೆರಿಗೆ ಕೋಣೆಯಲ್ಲಿ ಕತ್ತಲೆ. ಬ್ಯಾಟರಿ ನಂಬಿದ ಲಸಿಕೆಯ ಫ್ರಿಜ್ಜೂ 2-8 ಡಿಗ್ರಿ ಸೆಲ್ಸಿಯಸ್‌ನ ಮಿತಿ ದಾಟುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಪ್ಯಾನೆಲ್ ಮಾಳಿಗೆಯ ಮೇಲೆ ಇದ್ದೇ ಇರುತ್ತದಲ್ಲ.

ಎಲ್ಲರಿಗೂ ಎಟುಕುವಂತೆ ಮಾಡುವುದೂ ನಕ್ಷೆಯ ಹಂತದ ಕೆಲಸ. ನೆಲದಿಂದ 45 ಸೆಂ.ಮೀ. ಎತ್ತರದಲ್ಲಿರುವ ಬಾಗಿಲಿಗೆ ಗಾಲಿಕುರ್ಚಿ ಏರಬೇಕಾದರೆ 1:12 ಇಳಿಜಾರಿನಲ್ಲಿ (1 ಮೀಟರ್ ಏರಲು 12 ಮೀಟರ್ ಉದ್ದ) 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಆಮೇಲೆ ನೆನಪಾದರೆ ಅಷ್ಟು ಜಾಗವಿರುವುದಿಲ್ಲ. ಯಾರೂ ಏರಲಾಗದ ಕಡಿದಾದ ರ‍್ಯಾಂಪ್ ಹಾಕಿ ಮುಗಿಸುತ್ತಾರೆ. ಜಾಗ ಆರಿಸುವಾಗ ಕಿಲೋಮೀಟರ್ ಲೆಕ್ಕ ಸಾಲದು. ಗರ್ಭಿಣಿಯೊಬ್ಬರು ಮಳೆಗಾಲದಲ್ಲಿ, ಸಿಗುವ ವಾಹನದಲ್ಲಿ ಬಂದು ತಲುಪಲು ಎಷ್ಟು ಹೊತ್ತು ಬೇಕೆಂದು ಅಳೆಯಬೇಕು.

ಹಾಗಾಗಿ ಕಟ್ಟಡಕ್ಕೆ ಒಪ್ಪಿಗೆ ಕೊಡುವ ಮೊದಲೇ ಕನಿಷ್ಠ 10 ವರ್ಷ ನಡೆಸುವ ಖರ್ಚನ್ನು, ಅದನ್ನು ಯಾರು ಭರಿಸುತ್ತಾರೆ ಎಂಬುದನ್ನೂ ಬರೆದಿಡಬೇಕು. ನರ್ಸ್ ಹುದ್ದೆಯೇ ಮಂಜೂರಾಗಿಲ್ಲವಾದರೆ ಅಡಿಪಾಯ ಹಾಕಬೇಡಿ. ಆ ಹಣದಲ್ಲಿ ಈಗಿರುವ ಕೇಂದ್ರವನ್ನು ದುರಸ್ತಿ ಮಾಡಿಸಿ.