38 ಅಂಕ ಬಂದರೆ ಕಾಯಿಲೆ ಖಚಿತವೇ?

ಪ್ರಶ್ನೆ: ನಮ್ಮ ಯಜಮಾನರು ಮಾಜಿ ಸೈನಿಕರು. ಗಡಿಯಲ್ಲಿ ನಡೆದ ಸ್ಫೋಟದಲ್ಲಿ ಜೊತೆಗಾರನನ್ನು ಕಳೆದುಕೊಂಡರು. ಈಗಲೂ ನಡುರಾತ್ರಿ ಬೆಚ್ಚಿ ಏಳುತ್ತಾರೆ. ಮೊಬೈಲಿನಲ್ಲಿ ಸಿಕ್ಕ ‘ಪಿಸಿಎಲ್-5’ ಪ್ರಶ್ನಾವಳಿಯನ್ನು ಇಬ್ಬರೂ ಕೂತು ತುಂಬಿದೆವು, 38 ಅಂಕ ಬಂತು. ಇದು ಪಿಟಿಎಸ್‌ಡಿ (ಭೀಕರ ಘಟನೆಯ ಆಘಾತದಿಂದ ಬರುವ ಮನೋರೋಗ) ಎಂದೇ ಅರ್ಥವೇ? ದಸರೆಯ ಕುಶಾಲತೋಪಿಗೆ ಕರೆದೊಯ್ದರೆ ಭಯ ಬಿಡುತ್ತದೆ ಎನ್ನುತ್ತಾರೆ ನೆಂಟರು. ಹೋಗಬಹುದೇ?
– ಓದುಗರು, ಮಂಡ್ಯ

ಉತ್ತರ: ಖಚಿತವಲ್ಲ. ಹಾಗೆಂದು ತಡಮಾಡಲೂ ಬೇಡಿ. ಪಿಸಿಎಲ್-5ರಲ್ಲಿ 20 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4, ಒಟ್ಟು 80. ಅಂಕ 31–33 ಮುಟ್ಟಿದರೆ ತಜ್ಞರ ಸಂದರ್ಶನ ಬೇಕು ಎಂದಷ್ಟೇ ಲೆಕ್ಕ.

ಇಬ್ಬರೂ ಕೂತು ತುಂಬಿದ್ದೇ ಮೊದಲ ತೊಡಕು. ಅವರೊಬ್ಬರೇ ತುಂಬಬೇಕು. ಒಂದೇ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕಳೆದ ಒಂದು ತಿಂಗಳಿಗೆ ಮಾತ್ರ ಉತ್ತರಿಸಬೇಕು. ಇಡೀ ಸರ್ವಿಸ್ ನೆನೆದು ಗುರುತು ಹಾಕಿದರೆ ಅಂಕಕ್ಕೆ ಅರ್ಥವಿಲ್ಲ. ಒಟ್ಟು ಅಂಕಕ್ಕಿಂತ ಅದು ಎಲ್ಲಿಂದ ಬಂತು ಎಂಬುದು ಮುಖ್ಯ. ಮೊದಲ ಐದು ಪ್ರಶ್ನೆಗಳು ಘಟನೆ ಮರುಕಳಿಸುವುದರ ಬಗ್ಗೆ, ಆರು ಮತ್ತು ಏಳು ಅದರ ನೆನಪಿನಿಂದ ತಪ್ಪಿಸಿಕೊಳ್ಳುವುದರ ಬಗ್ಗೆ. ಈ ಏಳರಲ್ಲೂ 0, 1 ಇದ್ದು, ನಿದ್ದೆ, ಸಿಟ್ಟು, ಏಕಾಗ್ರತೆಯ ಪ್ರಶ್ನೆಗಳಲ್ಲೇ ಅಂಕ ತುಂಬಿದ್ದರೆ ಖಿನ್ನತೆ, ಕುಡಿತ, ಗೊರಕೆಯ ಉಸಿರುಕಟ್ಟು ಇವನ್ನೂ ನೋಡಲೇಬೇಕು.

ನಿರ್ಧಾರಕ್ಕೆ ‘ಕ್ಯಾಪ್ಸ್-5’ ಎಂಬ ಸಂದರ್ಶನವಿದೆ. 30 ಪ್ರಶ್ನೆ, 45ರಿಂದ 60 ನಿಮಿಷ. ‘ಕೆಟ್ಟ ಕನಸು ಬೀಳುತ್ತಾ?’ ಎಂದರೆ ‘ಹೂಂ’ ಅಂದರೆ ಸಾಲದು. ತಿಂಗಳಲ್ಲಿ ಎಷ್ಟು ಸಲ, ಕನಸಿನಲ್ಲಿ ಏನಾಗುತ್ತದೆ, ಎಚ್ಚರವಾದರೆ ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತು ಎಂದು ಕೆದಕಿ ಕೇಳುತ್ತಾರೆ. ಫೌಜಿನವರು ‘ಎಲ್ಲ ಸರಿ ಇದೆ ಸಾರ್’ ಎಂದು ಎದ್ದು ಬರುವುದೇ ಹೆಚ್ಚು. ಹಾಗಾಗಿ ನೀವೂ ಜೊತೆಗೆ ಹೋಗಿ, ವೈದ್ಯರೊಂದಿಗೆ ಬೇರೆಯಾಗಿ ಮಾತಾಡಿ. ಸ್ಫೋಟದಲ್ಲಿ ತಲೆಗೆ ಪೆಟ್ಟಾಗಿತ್ತೇ, ಪ್ರಜ್ಞೆ ತಪ್ಪಿತ್ತೇ ಎಂಬುದನ್ನು ಮರೆಯದೆ ಹೇಳಿ. ಮರೆವು, ಸಿಡುಕು ಅದರಿಂದಲೂ ಬರುತ್ತವೆ.

567 ಹೇಳಿಕೆಗಳ ಎಂಎಂಪಿಐ-2 ಎಂಬ ವ್ಯಕ್ತಿತ್ವ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಅದರಲ್ಲಿ ಉತ್ಪ್ರೇಕ್ಷೆ ಅಳೆಯುವ ಮಾಪಕ ಏರಿದ ಮಾತ್ರಕ್ಕೆ ‘ನಾಟಕ’ ಎನ್ನುವುದು ಅನ್ಯಾಯ. ನಿಜವಾಗಿ ನರಳುವವರಲ್ಲೂ ಅದು ಏರುತ್ತದೆ.

ಕುಶಾಲತೋಪಿಗೆ ಖಂಡಿತ ಬೇಡ. ಭಯವನ್ನು ಎದುರಿಸುವ ಚಿಕಿತ್ಸೆ ಇದೆ, ಆದರೆ ಅದು ತಜ್ಞರ ಜೊತೆ, ರೋಗಿಯ ಒಪ್ಪಿಗೆಯಿಂದ, ಹಂತ ಹಂತವಾಗಿ ನಡೆಯುವಂಥದ್ದು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆಯಿರಿ. ಇಲ್ಲವೇ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ.

ಇನ್ನೊಂದು ಮಾತು. ಆ 20 ಪ್ರಶ್ನೆಗಳಲ್ಲಿ ಸಾಯುವ ಯೋಚನೆಯ ಬಗ್ಗೆ ಒಂದೂ ಇಲ್ಲ. ಅದನ್ನು ನೀವೇ ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಸೆಕ್ಯುರಿಟಿ ಕೆಲಸಕ್ಕೆಂದು ಲೈಸೆನ್ಸ್ ಬಂದೂಕು ಮನೆಯಲ್ಲಿದ್ದರೆ ಸದ್ಯಕ್ಕೆ ಠಾಣೆಯಲ್ಲಿ ಒಪ್ಪಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.