ನೀವು ಕೇಳಿದಿರಿ: ಮನೆಯಲ್ಲೇ ಲಾಂಗ್‌ಬೋರ್ಡ್ ಮಾಡೋಣ

ಪ್ರಶ್ನೆ: ನಾನು ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಒಂದು ಲಾಂಗ್‌ಬೋರ್ಡ್ (ಮೇಲೆ ನಿಂತು ಓಡಿಸುವ ಉದ್ದನೆಯ ಸ್ಕೇಟ್‌ಬೋರ್ಡ್) ನನ್ನ ಕೈಯಾರೆ ಮಾಡಬೇಕು ಅಂತ ತುಂಬಾ ಆಸೆ. ಮೇಪಲ್ ಮರವೇ ಬೇಕು ಅನ್ನುತ್ತಾರೆ. ಅದಿಲ್ಲದೆ ಆಗಲ್ವಾ?

ಉತ್ತರ: ಖಂಡಿತ ಆಗುತ್ತದೆ. ಕಂಪನಿ ಬೋರ್ಡುಗಳಲ್ಲಿ ಮೇಪಲ್ ಮರದ ತೆಳು ಹಾಳೆಗಳನ್ನು ಏಳೆಂಟು ಪದರ ಅಂಟಿಸಿರುತ್ತಾರೆ. ಆದರೆ ಬೋರ್ಡಿಗೆ ಗಟ್ಟಿತನ ಬರುವುದು ಮರದಿಂದ ಮಾತ್ರ ಅಲ್ಲ, ಪದರಗಳು ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂತಿವೆ ಅನ್ನುವುದರಿಂದ. ನಿಮ್ಮೂರಿನ ಪ್ಲೈವುಡ್ ಅಂಗಡಿಯಲ್ಲಿ 4 ಮಿಲಿಮೀಟರ್ ದಪ್ಪದ, ನೀರು ತಡೆಯುವ ಮರೈನ್ ಪ್ಲೈ ಕೇಳಿ. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು. ಎಂಆರ್ ಅಂತ ಇದ್ದರೆ ಬೇಡ, ಅದು ಗಾಳಿಯ ತೇವ ತಡೆಯುತ್ತದೆ ಅಷ್ಟೇ, ನೀರು ತಡೆಯುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ಬೋರ್ಡಿಗೆ ಒಂದು ಅಂಗಡಿಯವರು ವಾಟರ್‌ಪ್ರೂಫ್ ಅಂತ ಹೇಳಿ ಕೊಟ್ಟ ಹಾಳೆಯನ್ನೇ ತಂದಿದ್ದೆ, ಮುದ್ರೆ ನೋಡಿರಲಿಲ್ಲ. ಎರಡು ವಾರ ಕೂತು ಮಾಡಿದ ಬೋರ್ಡು. ಒಂದೇ ಮಳೆಗೆ ಹಿಂದಿನ ಅಂಚು ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿತು. ಉಗುರು ಹಾಕಿ ಎತ್ತಿದರೆ ಪದರ ಪದರವಾಗಿ ಬಿಚ್ಚಿಕೊಂಡು ಬಂತು.

8 ಅಡಿಗೆ 4 ಅಡಿಯ ಒಂದು ಹಾಳೆ ತಂದರೆ 42 ಇಂಚು ಉದ್ದ, 11 ಇಂಚು ಅಗಲದ ಎಂಟು ತುಂಡು ಬರುತ್ತವೆ. ಒಂದು ಬೋರ್ಡಿಗೆ ಮೂರು ತುಂಡು ಸಾಕು, ಅಂದರೆ ಒಟ್ಟು 12 ಮಿಲಿಮೀಟರ್. ತೂಕ 80 ಕಿಲೋ ದಾಟಿದವರು ನಾಲ್ಕನೆಯದನ್ನೂ ಸೇರಿಸಿ. ಗೆಳೆಯನೊಬ್ಬ ಜೊತೆಗಿದ್ದರೆ ಒಂದೇ ಹಾಳೆಯಲ್ಲಿ ಇಬ್ಬರದ್ದೂ ಆಗುತ್ತದೆ, ಖರ್ಚೂ ಅರ್ಧ. ಕತ್ತರಿಸುವಾಗ ಹೊರಮೈಯ ಮರದ ಗೆರೆಗಳು ಬೋರ್ಡಿನ ಉದ್ದಕ್ಕೇ ಓಡುವ ಹಾಗೆ ನೋಡಿಕೊಳ್ಳಿ. ಅಡ್ಡ ಬಂದರೆ ಮಧ್ಯದಲ್ಲಿ ಮುರಿಯುತ್ತದೆ. ಇನ್ನೊಂದು ಮಾತು. ಸುಲಭವಾಗಿ ಬಾಗುತ್ತದೆ ಅಂತ ಅಂಗಡಿಯವರು ಫ್ಲೆಕ್ಸಿ ಪ್ಲೈ ತೋರಿಸಬಹುದು. ಅದು ಸೋಫಾ, ಕೌಂಟರ್‌ಗಳ ಉರುಟು ಕೆಲಸಕ್ಕೆ ಇರುವುದು, ಮನುಷ್ಯನ ಭಾರ ಹೊರುವುದಕ್ಕಲ್ಲ.

ಪ್ರಶ್ನೆ: ಬೋರ್ಡ್ ನಡುವೆ ಸ್ವಲ್ಪ ಮೇಲಕ್ಕೆ ಬಾಗಿರಬೇಕು ಅಂತಾರೆ. ನನ್ನ ಹತ್ತಿರ ಪ್ರೆಸ್ ಇಲ್ಲ, ಕ್ಲಾಂಪ್ ಎರಡೇ ಇವೆ. ಹೇಗೆ ಬಾಗಿಸಲಿ? (ಶಿರಸಿ)

ಉತ್ತರ: ಈ ಬಾಗಿಗೆ ಕ್ಯಾಂಬರ್ ಅನ್ನುತ್ತಾರೆ. ಮೇಲೆ ನಿಂತಾಗ ಬೋರ್ಡು ಸ್ವಲ್ಪ ಕೆಳಗಿಳಿದು ನೇರವಾಗುತ್ತದೆ, ಕಾಲಿನ ಕೆಳಗೆ ಒಂದು ಉಸಿರಾಟದ ಹಾಗೆ ಅನ್ನಿಸುತ್ತದೆ. ಅದಕ್ಕೋಸ್ಕರವಾದರೂ ಇಷ್ಟು ಕಷ್ಟಪಡಬಹುದು. ಪ್ರೆಸ್ ಬೇಡ, ಮನೆಯಲ್ಲಿರುವ ಭಾರವೇ ಸಾಕು.

ಬೋರ್ಡನ್ನು ತಲೆಕೆಳಗಾಗಿ ಮಾಡುತ್ತಿದ್ದೀರಿ ಅಂತ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಮತಟ್ಟಾದ ನೆಲದ ಮೇಲೆ ಹಳೆ ಪ್ಲಾಸ್ಟಿಕ್ ಹಾಸಿ, 40 ಇಂಚು ದೂರದಲ್ಲಿ 20 ಮಿಲಿಮೀಟರ್ ಎತ್ತರದ ಎರಡು ರೀಪರ್ (ಮರದ ಪಟ್ಟಿ) ತುಂಡು ಇಡಿ. ಅಂಟು ಅಂದರೆ ಫೆವಿಕಾಲ್ ಮರೈನ್, ಮಾಮೂಲಿ ಬಿಳಿ ಡಬ್ಬದ್ದು ಬೇಡ. ಅಂಟುವ ಎರಡೂ ಮುಖಕ್ಕೆ ಹಳೆ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆಯಿರಿ, ದೋಸೆ ಹಿಟ್ಟು ಸವರುವ ಹಾಗೆ, ಎಲ್ಲೂ ಮರ ಕಾಣಬಾರದು. ಮೂರೂ ತುಂಡು ಜೋಡಿಸಿ, ಜಾರದಿರಲಿ ಅಂತ ಆಮೇಲೆ ಕತ್ತರಿಸಿ ಹೋಗುವ ಮೂಲೆಗಳಲ್ಲಿ ಸಣ್ಣ ಮೊಳೆ ಹೊಡೆದು, ರೀಪರ್‌ಗಳ ಮೇಲೆ ಮಲಗಿಸಿ. ಮಧ್ಯಕ್ಕೆ ಮೊದಲು ಭಾರ ಹಾಕಿ, ಆಮೇಲೆ ಎರಡೂ ಕಡೆಗೆ ಹಂಚುತ್ತಾ ಹೋಗಿ. ನಾನು 25 ಕಿಲೋದ ನಾಲ್ಕು ಅಕ್ಕಿ ಮೂಟೆ ಮತ್ತು ಎರಡು 20 ಲೀಟರ್ ನೀರಿನ ಕ್ಯಾನ್ ಇಟ್ಟಿದ್ದೆ. ಮೂಟೆ ಒಳ್ಳೆಯದು, ಬಾಗಿನ ಮೇಲೆ ತಾನೇ ಒರಗಿ ಕೂರುತ್ತದೆ, ಕಲ್ಲು ಹಾಗೆ ಕೂರುವುದಿಲ್ಲ. ನಿಮ್ಮ ಎರಡು ಕ್ಲಾಂಪು ಎರಡು ತುದಿಗೆ.

ಈಗ ಬಗ್ಗಿ ಅಂಚು ನೋಡಿ. ಉದ್ದಕ್ಕೂ ಅಂಟು ಸಾಸಿವೆ ಕಾಳಿನಷ್ಟು ಸಣ್ಣ ಮಣಿಗಳಾಗಿ ಹೊರಗೆ ಬಂದಿರಬೇಕು. ಎಲ್ಲಿ ಮಣಿ ಇಲ್ಲವೋ ಅಲ್ಲಿ ಒಳಗೆ ಸಂದು ಇದೆ ಅಂತ ಅರ್ಥ. ಅಲ್ಲಿಗೆ ಭಾರ ಸರಿಸಿ. ಬೇಸಿಗೆಯಲ್ಲಿ 24 ಗಂಟೆ ಬಿಡಿ. ನಿಮ್ಮ ಶಿರಸಿ ಮಳೆಯಲ್ಲಾದರೆ ಎರಡು ದಿನ, ಅವಸರ ಬೇಡ. ಭಾರ ತೆಗೆದ ಮೇಲೆ ಬೋರ್ಡು ಸ್ವಲ್ಪ ನೇರವಾಗುತ್ತದೆ, ಗಾಬರಿಯಾಗಬೇಡಿ. ಅದಕ್ಕೇ ರೀಪರನ್ನು ಬೇಕಾದ್ದಕ್ಕಿಂತ ಎತ್ತರ ಇಡುವುದು.

ಆಕಾರಕ್ಕೆ ದಿನಪತ್ರಿಕೆಯನ್ನು ಉದ್ದಕ್ಕೆ ಮಡಿಸಿ ಅರ್ಧ ಬೋರ್ಡಿನ ಚಿತ್ರ ಬರೆದು ಕತ್ತರಿಸಿ, ಬಿಡಿಸಿದರೆ ಎರಡೂ ಕಡೆ ಒಂದೇ ಸಮ ಬರುತ್ತದೆ. 40 ಇಂಚು ಉದ್ದ, 9 ಇಂಚು ಅಗಲ ಮೊದಲ ಬೋರ್ಡಿಗೆ ಹಿತವಾದ ಅಳತೆ. ಜಿಗ್‌ಸಾದಲ್ಲಿ ಕೊಯ್ದು, ಅಂಚು ಉಜ್ಜಿ, ಟ್ರಕ್ಕಿನ (ಚಕ್ರಗಳನ್ನು ಹಲಗೆಗೆ ಜೋಡಿಸುವ ಲೋಹದ ಅಚ್ಚು) ತೂತು ಕೊರೆದ ನಂತರ ಪಿಯು ವಾರ್ನಿಷ್ ಮೂರು ಕೋಟ್ ಕೊಡಿ. ಅಂಚಿಗೆ ಮತ್ತು ತೂತಿನ ಒಳಗೆ ಇನ್ನೊಂದು ಕೋಟ್ ಜಾಸ್ತಿ, ನೀರು ನುಗ್ಗುವುದು ಅಲ್ಲೇ. ಗ್ರಿಪ್ ಟೇಪ್ ಸಿಗದಿದ್ದರೆ ಮೇಲ್ಮೈಯ ಕೊನೆಯ ಕೋಟ್ ಹಸಿ ಇರುವಾಗಲೇ ಜರಡಿ ಹಿಡಿದ ನುಣ್ಣನೆ ಮರಳು ಉದುರಿಸಿ, ಕಾಲು ಜಾರುವುದಿಲ್ಲ.

ಪ್ರಶ್ನೆ: ಚಿಕ್ಕವನಿದ್ದಾಗ ಗ್ಯಾರೇಜಿನಿಂದ ಹಳೆ ಬೇರಿಂಗ್ ತಂದು ಬೇರಿಂಗ್ ಗಾಡಿ ಮಾಡುತ್ತಿದ್ದೆವು. ಅದೇ ಬೇರಿಂಗ್ ಹಾಕಬಹುದಾ? ಟ್ರಕ್, ಚಕ್ರಕ್ಕೆ ಹೇಳುವ ಬೆಲೆ ನೋಡಿದರೆ ಸಂಕಟ ಆಗುತ್ತದೆ. (ತುಮಕೂರು)

ಉತ್ತರ: ನಾನೂ ಬೇರಿಂಗ್ ಗಾಡಿ ಓಡಿಸಿಯೇ ಬೆಳೆದವನು, ಆ ಕರ್ರ್ ಸದ್ದು ಇನ್ನೂ ಕಿವಿಯಲ್ಲಿದೆ. ಆದರೆ ಇಲ್ಲಿ ಬೇಡ. ಹಲಗೆ ಮಾತ್ರ ಮನೆಯಲ್ಲಿ ಮಾಡಿ, ಟ್ರಕ್ಕು ಮತ್ತು ಚಕ್ರ ಕೊಂಡುಕೊಳ್ಳಿ. ಬೇರಿಂಗ್ ಗಾಡಿಯಲ್ಲಿ ಮುಂದಿನ ಅಡ್ಡಪಟ್ಟಿಯನ್ನು ಕಾಲಿನಿಂದಲೋ ಹಗ್ಗದಿಂದಲೋ ತಿರುಗಿಸುತ್ತಿದ್ದೆವು. ಲಾಂಗ್‌ಬೋರ್ಡಿನಲ್ಲಿ ನೀವು ಒಂದು ಪಕ್ಕಕ್ಕೆ ವಾಲಿದರೆ ಟ್ರಕ್ಕಿನೊಳಗಿನ ರಬ್ಬರಿನಂಥ ಬುಶ್ ಅಮುಕಿಕೊಂಡು ಅಚ್ಚು ತಾನೇ ಆ ಕಡೆ ತಿರುಗುತ್ತದೆ. ಆ ಕೋನ, ಆ ಎರಕ ಮನೆಯಲ್ಲಿ ಬರುವುದಿಲ್ಲ.

ಚಕ್ರವೂ ಹಾಗೆಯೇ. ಮೊದಲು ಅಮೆರಿಕದಲ್ಲೂ ಕಬ್ಬಿಣದ್ದು, ಆಮೇಲೆ ಜೇಡಿಯಂಥ ಮಿಶ್ರಣದ್ದು ಇದ್ದವು. ಸಣ್ಣ ಕಲ್ಲು ಸಿಕ್ಕರೂ ಚಕ್ರ ಗಕ್ಕನೆ ನಿಂತು ಮನುಷ್ಯ ಮುಂದೆ ಬೀಳುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್ವರ್ದಿ ಪಾಲಿಯುರಿಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಚಕ್ರ ತಂದ ಮೇಲೆ ಈ ಆಟದ ಸ್ವರೂಪವೇ ಬದಲಾಯಿತು. ನಮ್ಮ ಜಲ್ಲಿ ಎದ್ದ ರಸ್ತೆಗಳಿಗೆ 70 ಮಿಲಿಮೀಟರ್ ವ್ಯಾಸ, 78ಎ ಮೆದುತನದ ಚಕ್ರ ತಗೊಳ್ಳಿ. ಬೇರಿಂಗ್‌ನಲ್ಲಿ ಮಾತ್ರ ದುಡ್ಡು ಉಳಿಸಬಹುದು. ಇದಕ್ಕೆ ಬೇಕಾದ್ದು 608 ನಂಬರಿನದು, ಒಳಗೆ 8, ಹೊರಗೆ 22, ಅಗಲ 7 ಮಿಲಿಮೀಟರ್. ಸಣ್ಣ ಮೋಟಾರುಗಳಿಗೂ ಇದನ್ನೇ ಹಾಕುತ್ತಾರೆ, ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಎಂಟು ಬೇಕು. ಹಳೆಯದು ಬೇಡ, ಹೊಸದೇ ತನ್ನಿ.

ಪ್ರಶ್ನೆ: ಎಲ್ಲ ಜೋಡಿಸಿದ್ದೇನೆ. ಆದರೆ ವಾಲಿದರೆ ಬೋರ್ಡು ತಿರುಗುವುದಿಲ್ಲ, ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದೆ! (ಬೆಳಗಾವಿ)

ಉತ್ತರ: ಒಂದು ಟ್ರಕ್ ಉಲ್ಟಾ ಕೂತಿದೆ. ಲಾಂಗ್‌ಬೋರ್ಡಿನ ರಿವರ್ಸ್ ಕಿಂಗ್‌ಪಿನ್ ಟ್ರಕ್ಕಿನಲ್ಲಿ ಕಿಂಗ್‌ಪಿನ್ನಿನ, ಅಂದರೆ ನಡುವಿನ ದಪ್ಪ ಬೋಲ್ಟಿನ, ದೊಡ್ಡ ನಟ್ಟು ಎರಡೂ ಕಡೆ ಹೊರಗೆ, ಅಂದರೆ ಬೋರ್ಡಿನ ತುದಿಯ ಕಡೆ ನೋಡಬೇಕು. ಬಿಚ್ಚಿ ತಿರುಗಿಸಿ. ಆಗಲೇ ಒಂದು ದಾರವನ್ನು ಮೂತಿಯಿಂದ ಬಾಲದವರೆಗೆ ನಡುವಿನಲ್ಲಿ ಬಿಗಿದು, ಟ್ರಕ್ಕಿನ ತೂತುಗಳು ಎರಡೂ ಬದಿಗೆ ಸಮ ದೂರದಲ್ಲಿವೆಯಾ ನೋಡಿ. ಕೊನೆಗೆ ಒಂದು ಅಂಚಿನ ಮೇಲೆ ಪೂರ್ತಿ ಭಾರ ಹಾಕಿ. ಚಕ್ರ ಹಲಗೆಗೆ ತಾಗಿದರೆ ಟ್ರಕ್ಕಿಗೂ ಹಲಗೆಗೂ ಮಧ್ಯೆ 6 ಮಿಲಿಮೀಟರಿನ ರೈಸರ್ ಪ್ಯಾಡ್ (ಎತ್ತರ ಹೆಚ್ಚಿಸುವ ಬಿಲ್ಲೆ) ಕೊಡಲೇಬೇಕು. ಓಡುವಾಗ ತಾಗಿದರೆ ಬ್ರೇಕ್ ಹಾಕಿದಂತೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.

ಪ್ರಶ್ನೆ: ಮಗನಿಗೆ 14 ವರ್ಷ. ಅವನೇ ಮಾಡಿದ ಬೋರ್ಡು, ಬೇಡ ಅನ್ನಲು ಮನಸ್ಸಿಲ್ಲ, ಹೆದರಿಕೆ ಮಾತ್ರ ಹೋಗುತ್ತಿಲ್ಲ. (ದಾವಣಗೆರೆಯ ತಾಯಿ)

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ, ಅಮ್ಮಾ. ಹೆಲ್ಮೆಟ್ ಇಲ್ಲದೆ ಬೋರ್ಡು ಹೊರಗೆ ಹೋಗಬಾರದು, ಅದರಲ್ಲಿ ರಾಜಿ ಬೇಡ. ತಲೆಯ ಹಿಂಭಾಗವನ್ನೂ ಮುಚ್ಚುವಂಥದ್ದು ಕೊಡಿಸಿ, ಇಲ್ಲಿ ಹಿಂದಕ್ಕೆ ಬೀಳುವುದೂ ಇದೆ. ಮೊಣಕಾಲು, ಮಣಿಕಟ್ಟಿಗೂ ಗಾರ್ಡ್ ಇರಲಿ. ಮೊದಲ ವಾರ ಓಡಿಸುವುದಕ್ಕಿಂತ ನಿಲ್ಲಿಸುವುದನ್ನು ಕಲಿಯಲಿ. ಮುಂದಿನ ಕಾಲಿನ ಮೇಲೆ ಭಾರ ಇಟ್ಟು, ಹಿಂದಿನ ಕಾಲಿನ ಚಪ್ಪಟೆ ಅಡಿಯನ್ನು ನೆಲಕ್ಕೆ ಮೆಲ್ಲಗೆ ಸವರುವುದು, ಅಷ್ಟೇ. ಮನೆಗಳಿನ್ನೂ ಏಳದ ಹೊಸ ಲೇಔಟಿನ ಡಾಂಬರು ರಸ್ತೆ ಬೆಳಿಗ್ಗೆ ಹೊತ್ತು ಒಳ್ಳೆಯ ಜಾಗ. ಇಳಿಜಾರು ಈಗಲೇ ಬೇಡ.

ಪ್ರಶ್ನೆ: ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯುತ್ತಿದ್ದೇನೆ. ಸಮುದ್ರಕ್ಕಿಳಿಯದ ದಿನ ಲಾಂಗ್‌ಬೋರ್ಡ್ ಅಭ್ಯಾಸಕ್ಕೆ ಆಗುತ್ತದಾ? ಬೇರಿಂಗ್‌ಗಳು ಬೇಗ ತುಕ್ಕು ಹಿಡಿಯುತ್ತಿವೆ.

ಉತ್ತರ: ಆಗುತ್ತದೆ, ಈ ಆಟ ಹುಟ್ಟಿದ್ದೇ ಹಾಗೆ. ಕ್ಯಾಲಿಫೋರ್ನಿಯಾದ ಸರ್ಫರ್‌ಗಳು ಅಲೆ ಇಲ್ಲದ ದಿನ ಹಲಗೆಗೆ ಚಕ್ರ ಕಟ್ಟಿ ರಸ್ತೆಗಿಳಿದರು. ಮಂಡಿ ಬಗ್ಗಿಸಿ, ಭುಜ ಮೊದಲು ತಿರುಗಿಸಿ ಆಮೇಲೆ ಸೊಂಟ ತಿರುಗಿಸುವುದು ಎರಡಕ್ಕೂ ಒಂದೇ. ಟ್ರಕ್ಕಿನ ನಟ್ಟು ಸ್ವಲ್ಪ ಸಡಿಲ ಇಟ್ಟುಕೊಂಡು ನಿಧಾನವಾಗಿ ಹಾವಿನ ಹಾಗೆ ಬಳುಕುತ್ತಾ ಹೋಗಿ. ಸಡಿಲ ಇದ್ದಾಗ ವೇಗ ಬೇಡ, ಬೋರ್ಡು ನಡುಗಲು ಶುರುವಾಗುತ್ತದೆ. ತುಕ್ಕಿಗೆ ಉಪ್ಪುಗಾಳಿಯೇ ಕಾರಣ. ಹದಿನೈದು ದಿನಕ್ಕೊಮ್ಮೆ ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಬಿಡಿ. ಕರಾವಳಿಯಲ್ಲಿ ಎಲ್ಲದಕ್ಕೂ ಕೈ ತೆಂಗಿನೆಣ್ಣೆಗೆ ಹೋಗುತ್ತದೆ ಅಲ್ವಾ, ಇದಕ್ಕೆ ಮಾತ್ರ ಬೇಡ. ಧೂಳು ಸೇರಿ ಅಂಟಾಗಿ ಚಕ್ರ ಹಿಡಿದುಕೊಳ್ಳುತ್ತದೆ.